ನೇರ ಮಾರಾಟದ ನಿಯಮ: ಹೊಣೆ ಮಾರುವವರಿಗೆ, ಆಸರೆ ಯಾರಿಗೆ?

ಮಾನ್ಯ ಸಂಪಾದಕರೇ,

ಡೈರೆಕ್ಟ್ ಸೆಲ್ಲಿಂಗ್ (ಕಂಪನಿಯ ಸಾಮಾನನ್ನು ಅಂಗಡಿಯಿಲ್ಲದೆ, ಸದಸ್ಯರ ಮೂಲಕ ಮನೆಮನೆಗೆ ಮಾರುವ ನೇರ ಮಾರಾಟ) ಎಂದೊಡನೆ ನಮ್ಮಲ್ಲಿ ಎರಡೇ ಮಾತು ಕೇಳಿಬರುತ್ತವೆ. ‘ಅದು ಚೈನ್ ಬಿಸಿನೆಸ್, ಹತ್ತಿರ ಸುಳಿಯಬೇಡಿ’ ಎನ್ನುವವರು ಒಂದು ಕಡೆ. ‘ಸರ್ಕಾರವೇ ಒಪ್ಪಿದೆ, ಗೆಜೆಟ್ಟಿನಲ್ಲೇ ಬಂದಿದೆ’ ಎಂದು ಮೊಬೈಲ್ ಮುಂದೆ ಹಿಡಿಯುವವರು ಇನ್ನೊಂದು ಕಡೆ. ಗೆಜೆಟ್ಟಿನಲ್ಲಿ ಬಂದದ್ದು ನಿಜ. ಬಂದದ್ದನ್ನು ಪೂರ್ತಿ ಓದಿದವರು ಎರಡೂ ಕಡೆ ಕಡಿಮೆ. ಓದಿದರೆ ಗೊತ್ತಾಗುವ ಸಂಗತಿ ಇಷ್ಟು: ಆ ನಿಯಮ ಗ್ರಾಹಕರನ್ನು ಕಾಯುತ್ತದೆ, ಕಂಪನಿಯನ್ನು ಒಂದು ಚೌಕಟ್ಟಿಗೆ ತರುತ್ತದೆ. ನಡುವೆ ಬ್ಯಾಗು ಹಿಡಿದು ಮನೆಮನೆಗೆ ಹೋಗುವವರಿಗೆ ಹೊಣೆಯ ಪಟ್ಟಿ ಕೊಟ್ಟು ಸುಮ್ಮನಾಗುತ್ತದೆ.

2021ರ ಡಿಸೆಂಬರ್ 28ರಂದು ಪ್ರಕಟವಾದ ಈ ನೇರ ಮಾರಾಟದ ನಿಯಮಗಳು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿ ಬಂದವು. ಅದಕ್ಕೆ ಮುಂಚೆ ಕೇಂದ್ರದಿಂದ ಇದ್ದದ್ದು 2016ರ ಸೆಪ್ಟೆಂಬರಿನ ಮಾರ್ಗಸೂಚಿ. ಅದು ಬರೀ ಸಲಹೆ, ಕಾನೂನಲ್ಲ ಎಂದು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2020ರ ಜನವರಿಯಲ್ಲಿ ಹೇಳಿತ್ತು. ಈಗಿನ ನಿಯಮಕ್ಕೆ ಕಾಯ್ದೆಯ ಬಲವಿದೆ. ಹೊಂದಿಕೊಳ್ಳಲು ಕಂಪನಿಗಳಿಗೆ 90 ದಿನ ಕೊಟ್ಟಿದ್ದರು. ವಕೀಲರನ್ನಿಟ್ಟು ಅವು ಹೊಂದಿಕೊಂಡವು. ಮಾರುವವರಿಗೆ ಅದನ್ನು ಕೂರಿಸಿ ವಿವರಿಸಿದವರು ವಿರಳ.

ಮೊದಲು ನೋಡಬೇಕಾದ್ದು ನಿಯಮದ ಒಂದೇ ಒಂದು ಪದ. ನೇರ ಮಾರಾಟಗಾರರು ಕಂಪನಿಯ ಜತೆ ‘ಪ್ರಿನ್ಸಿಪಲ್ ಟು ಪ್ರಿನ್ಸಿಪಲ್’ ಆಧಾರದಲ್ಲಿ, ಲಿಖಿತ ಕರಾರಿನ ಮೇಲೆ ವ್ಯಾಪಾರ ಮಾಡುವವರು ಎನ್ನುತ್ತದೆ ವ್ಯಾಖ್ಯೆ. ಅಂದರೆ ಅವರು ನೌಕರರಲ್ಲ. ಕಂಪನಿಯ ಪರವಾಗಿ ನಿಂತ ಏಜೆಂಟರೂ ಅಲ್ಲ. ಇಬ್ಬರೂ ಸಮಾನ ವ್ಯಾಪಾರಿಗಳು. ವೇದಿಕೆಯ ಮೇಲೆ ‘ನಿಮ್ಮ ಬಿಸಿನೆಸ್ಸಿಗೆ ನೀವೇ ಓನರ್’ ಎಂದು ಚಪ್ಪಾಳೆ ಗಿಟ್ಟಿಸುವ ಮಾತಿಗೆ ಕಾನೂನಿನಲ್ಲಿ ಇರುವ ಅರ್ಥ ಇದು: ಪಿಎಫ್ ಇಲ್ಲ, ಇಎಸ್ಐ ಇಲ್ಲ, ಮಾಲು ಉಳಿದರೆ ನಷ್ಟ ನಿಮ್ಮದು, ತೆರಿಗೆ ನಿಮ್ಮದು, ಪರವಾನಗಿ ನಿಮ್ಮದು. ಆದರೆ ಬೆಲೆ, ಕಮಿಷನ್ ಪ್ಲಾನು, ಕರಾರಿನ ಷರತ್ತು ಯಾವುದನ್ನೂ ಈ ‘ಓನರ್’ ಬದಲಿಸುವಂತಿಲ್ಲ.

ಈಗ ಹೊಣೆಗಳಿಗೆ ಬರೋಣ. ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳಿ ಒಪ್ಪಿಗೆ ಪಡೆಯದೆ ಯಾರ ಮನೆಗೂ ಹೋಗುವಂತಿಲ್ಲ. ಗುರುತು, ವಿಳಾಸ ಪರಿಶೀಲಿಸಿ ಚೀಟಿ ಕೊಡಬೇಕಾದ್ದು ಕಂಪನಿ. ಆ್ಯಪಿನೊಳಗೆ ಎಲ್ಲೋ ಪಿಡಿಎಫ್ ಆಗಿ ಮಲಗಿರುವುದನ್ನು ಮುದ್ರಿಸಿ ಕೊರಳಿಗೆ ಹಾಕಿಕೊಳ್ಳುವುದು ಮಾರುವವರ ಕೆಲಸ. ಒಪ್ಪಿಗೆಗೆ ದೊಡ್ಡ ಕಾಗದ ಬೇಕಿಲ್ಲ. ‘ನಾಳೆ 11 ಗಂಟೆಗೆ ಡೆಮೊ ತೋರಿಸಲು ಬರಲೇ?’ ಎಂದು ಕೇಳಿದ ಸಂದೇಶಕ್ಕೆ ‘ಬನ್ನಿ’ ಎಂಬ ಉತ್ತರ ಬಂದಿದ್ದರೆ ಸಾಕು, ಅದನ್ನು ಅಳಿಸದಿದ್ದರಾಯಿತು. ಮಾತು ಶುರು ಮಾಡುವಾಗಲೇ ತಾನು ಯಾರು, ಯಾವ ಕಂಪನಿ, ಏನು ಮಾರಲು ಬಂದದ್ದು ಎಂದು ಹೇಳಬೇಕು. ‘ಸುಮ್ಮನೆ ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ’ ಎಂಬ ಹಳೆಯ ಪೀಠಿಕೆ, ಕೊನೆಗೆ ಬ್ಯಾಗಿನಿಂದ ಡಬ್ಬಿ ಹೊರಬಂದರೆ, ನಿಯಮಭಂಗವೇ.

ಹೆಚ್ಚು ಜನ ಎಡವುವುದು ಆರ್ಡರ್ ಫಾರಂನಲ್ಲಿ. ಮೊದಲ ಮಾರಾಟದ ಹೊತ್ತಿಗೆ ಅಥವಾ ಅದಕ್ಕೂ ಮುಂಚೆ ಗ್ರಾಹಕರ ಕೈಗೆ ಅದು ಸೇರಬೇಕು. ಕಂಪನಿಯ ಗುರುತು, ಮಾರುವವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಫೋನ್. ಸರಕಿನ ಪೂರ್ಣ ವಿವರ, ಅದು ತಯಾರಾದ ದೇಶ, ಆರ್ಡರಿನ ದಿನಾಂಕ, ಕೊಡಬೇಕಾದ ಒಟ್ಟು ಹಣ. ಮಾದರಿ ನೋಡುವುದು ಮತ್ತು ಮಾಲು ತಲುಪಿಸುವುದು ಯಾವಾಗ, ಎಲ್ಲಿ. ಆರ್ಡರ್ ರದ್ದು ಮಾಡುವ ಮತ್ತು ಮಾಲು ಹಿಂದಿರುಗಿಸಿ ಪೂರ್ತಿ ಹಣ ಪಡೆಯುವ ಹಕ್ಕು. ದೂರು ಎಲ್ಲಿ ಕೊಡಬೇಕು, ಇಷ್ಟೂ ಅದರಲ್ಲಿ ಇರಬೇಕು. ಚೀಟಿಯಲ್ಲಿ ‘ಶಾಂಪೂ 2, ಪೇಸ್ಟ್ 1’ ಎಂದು ಬರೆದುಕೊಟ್ಟರೆ ಅದು ಆರ್ಡರ್ ಫಾರಂ ಆಗುವುದಿಲ್ಲ. ಎರಡು ಪ್ರತಿ ಬರುವ ಕಾರ್ಬನ್ ಪುಸ್ತಕ ಮಾಡಿಸಿಕೊಂಡು, ಬದಲಾಗದ ವಿವರಗಳನ್ನು ಅಚ್ಚು ಹಾಕಿಸಿ, ಗ್ರಾಹಕರ ಸಹಿ ಇರುವ ಪ್ರತಿಯನ್ನು ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ರಕ್ಷಣೆ.

ವಾಪಸಾತಿಯ ಮಾತಿನಲ್ಲೂ ಒಂದು ಎಡವಟ್ಟಿದೆ. ಹಿಂದಿರುಗಿಸುವ ಮಾಲು ಮತ್ತೆ ಮಾರುವ ಸ್ಥಿತಿಯಲ್ಲಿರಬೇಕು ಎನ್ನುತ್ತದೆ ನಿಯಮ. ಹಾಗೆಂದರೆ ಬಳಸಿರಬಾರದು, ಅವಧಿ ಮುಗಿದಿರಬಾರದು, ಹಂಗಾಮಿನದೋ ನಿಂತುಹೋದ ಬಗೆಯದೋ ವಿಶೇಷ ಆಫರಿನದೋ ಆಗಿರಬಾರದು. ಮಾರುವ ಉಮೇದಿನಲ್ಲಿ ‘ಅರ್ಧ ಬಳಸಿ ನೋಡಿ, ಬೇಡವಾದರೆ ವಾಪಸ್ ಕೊಡಿ’ ಎಂದುಬಿಡುತ್ತಾರೆ. ಕಂಪನಿಯ ನೀತಿಯಲ್ಲಿ ಅದಿಲ್ಲದಿದ್ದರೆ ಅರ್ಧ ಡಬ್ಬಿ ಮಾರಿದವರ ಮನೆಯ ಕಪಾಟಿಗೇ ಬಂದು ಕೂರುತ್ತದೆ. ಕಂಪನಿ ಹೇಳದ ಯಾವ ಭರವಸೆಯನ್ನೂ ಮಾರುವವರು ಕೊಡುವಂತಿಲ್ಲ ಎಂದೂ ಇದೇ ನಿಯಮದಲ್ಲಿದೆ.

ಇವೆಲ್ಲ ಗ್ರಾಹಕರ ಹಿತಕ್ಕೆ ಬೇಕಾದವೇ, ತಕರಾರಿಲ್ಲ. ತಕರಾರು ಇರುವುದು ಜಿಎಸ್‌ಟಿ ಕುರಿತ ಸಾಲಿನ ಮೇಲೆ. ನೇರ ಮಾರಾಟಗಾರರು ಜಿಎಸ್‌ಟಿ ನೋಂದಣಿ, ಪ್ಯಾನ್, ಅನ್ವಯವಾಗುವ ವ್ಯಾಪಾರ ನೋಂದಣಿ ಮತ್ತು ಪರವಾನಗಿಗಳನ್ನು ಪಡೆಯಬೇಕು ಎನ್ನುತ್ತದೆ ಅದು. ವಹಿವಾಟಿನ ಮಿತಿಯ ಮಾತೇ ಇಲ್ಲ. ತಿಂಗಳಿಗೆ 8 ಸಾವಿರದ ಸಾಮಾನು ಮಾರುವ ಗೃಹಿಣಿಗೂ ಜಿಎಸ್‌ಟಿ ನಂಬರ್ ಬೇಕೇ? ಜಿಎಸ್‌ಟಿ ಕಾಯ್ದೆಯ ಪ್ರಕಾರ ಬೇಡ. ಈ ನಿಯಮವನ್ನು ಅಕ್ಷರಶಃ ಓದಿದರೆ ಬೇಕು ಎಂಬಂತಿದೆ. ತೆರಿಗೆ ಕಾಯ್ದೆಯೇ ಬಿಟ್ಟವರನ್ನು ಗ್ರಾಹಕ ನಿಯಮ ಹಿಡಿಯುವುದು ಸಮಂಜಸವಲ್ಲ, ಹಾಗಾಗಿ ‘ಅನ್ವಯವಾಗುವ’ ಎಂಬ ಪದವನ್ನು ಇಡೀ ಸಾಲಿಗೆ ಸೇರಿಸಿ ಓದಬೇಕು ಎಂಬುದೇ ಸರಿಯಾದ ಅರ್ಥ ಎನಿಸುತ್ತದೆ. ಆದರೆ ಎನಿಸುವುದರ ಮೇಲೆ ವ್ಯಾಪಾರ ಮಾಡಲಾಗದು. ಈ ಗೊಂದಲಕ್ಕೆ ಹೆದರಿ ನೋಂದಣಿ ಮಾಡಿಸಿಕೊಂಡು, ಆಮೇಲೆ ವಹಿವಾಟಿಲ್ಲ ಎಂದು ರಿಟರ್ನ್ ಹಾಕುವುದನ್ನೇ ಮರೆತು, ತಡವಾದ ಶುಲ್ಕದ ಲೆಕ್ಕ ಕಂಡು ಗಾಬರಿಯಾಗುವುದಿದೆ. ಒಮ್ಮೆ ನೋಂದಣಿಯಾದ ಮೇಲೆ ಒಂದು ರೂಪಾಯಿಯ ವ್ಯಾಪಾರ ಇಲ್ಲದಿದ್ದರೂ ನಿಲ್ ರಿಟರ್ನ್ ಹಾಕಲೇಬೇಕು.

ಇನ್ನು ಮಿತಿ ಎಷ್ಟು? ‘40 ಲಕ್ಷದವರೆಗೆ ಏನೂ ಬೇಡ’ ಎಂಬ ಮಾತು ಮೀಟಿಂಗುಗಳಲ್ಲಿ ಧಾರಾಳವಾಗಿ ಹರಿದಾಡುತ್ತದೆ. ಅರ್ಧ ಸತ್ಯ. 40 ಲಕ್ಷದ ಮಿತಿ ಸರಕು ಮಾತ್ರ ಮಾರುವವರಿಗೆ. ನೇರ ಮಾರಾಟಗಾರರಿಗೆ ಎರಡು ಬಗೆಯ ಹಣ ಬರುತ್ತದೆ: ಸಾಮಾನು ಮಾರಿದ ಹಣ ಒಂದು, ಕಂಪನಿ ಕೊಡುವ ಕಮಿಷನ್ ಇನ್ನೊಂದು. ಕಮಿಷನ್ ಎಂಬುದು ಜಿಎಸ್‌ಟಿಯ ಕಣ್ಣಿನಲ್ಲಿ ಸೇವೆ, ಅದಕ್ಕೆ ಶೇ 18ರ ದರ. ಸೇವೆಯ ಹಣ ಬಂತೆಂದರೆ ‘ಸರಕು ಮಾತ್ರ’ ಎಂಬ ಷರತ್ತು ಮುರಿದು ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ವರ್ಷಕ್ಕೆ 14 ಲಕ್ಷದ ಸಾಮಾನು ಮಾರಿ, 7 ಲಕ್ಷ ಕಮಿಷನ್ ಪಡೆದವರ ಒಟ್ಟು ವಹಿವಾಟು 21 ಲಕ್ಷ. 40ರ ಲೆಕ್ಕದಲ್ಲಿ ಅವರು ಆರಾಮಾಗಿ ಮಲಗಿರುತ್ತಾರೆ. ಕಾಯ್ದೆಯ ಲೆಕ್ಕದಲ್ಲಿ ಮಿತಿ ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕಿತ್ತು. ತಪ್ಪಿದರೆ ತೆರಿಗೆ, ಅದರ ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ, ಜತೆಗೆ 10 ಸಾವಿರ ರೂಪಾಯಿ ಅಥವಾ ತಪ್ಪಿಸಿದ ತೆರಿಗೆಯಷ್ಟೇ ಮೊತ್ತ, ಯಾವುದು ಹೆಚ್ಚೋ ಅಷ್ಟು ದಂಡ.

ಹಾಗಾದರೆ ಸಾಮಾನಿನ ಪೂರ್ತಿ ಬೆಲೆ ವಹಿವಾಟಿಗೆ ಸೇರುತ್ತದೆಯೇ? ಬಿಲ್ ಯಾರ ಹೆಸರಿನಿಂದ ಯಾರ ಹೆಸರಿಗೆ ಹೋಯಿತು ಎಂದು ನೋಡಿ. ಗ್ರಾಹಕರ ಹೆಸರಿಗೆ ಕಂಪನಿಯೇ ಬಿಲ್ ಹಾಕಿದ್ದರೆ ಮಾರಾಟ ಕಂಪನಿಯದು, ನಿಮ್ಮ ವಹಿವಾಟು ಕಮಿಷನ್ ಮಾತ್ರ. ನಿಮ್ಮ ಹೆಸರಿಗೆ ಬಿಲ್ ಬಂದು, ನೀವು ಮತ್ತೆ ಮಾರಿದರೆ ಪೂರ್ತಿ ಮಾರಾಟ ಬೆಲೆ ನಿಮ್ಮ ಖಾತೆಗೆ. ಹೊರರಾಜ್ಯದ ಗ್ರಾಹಕರಿದ್ದಾಗ ಈ ವ್ಯತ್ಯಾಸ ಇನ್ನೂ ಮುಖ್ಯ. ನಿಮ್ಮ ಹೆಸರಿನಲ್ಲಿ ತರಿಸಿದ ಮಾಲನ್ನು ಹೊಸೂರಿನ ಪರಿಚಯದವರಿಗೋ ಕಾಸರಗೋಡಿನ ಬಂಧುಗಳಿಗೋ ಕೊರಿಯರ್ ಮಾಡಿ ಹಣ ಪಡೆದರೆ ಅದು ಅಂತರರಾಜ್ಯ ಸರಕು ಮಾರಾಟ. ಅದಕ್ಕೆ ಮಿತಿಯೇ ಇಲ್ಲ, ಮೊದಲ ರೂಪಾಯಿಯಿಂದ ನೋಂದಣಿ ಕಡ್ಡಾಯ. ಅಂಥ ಆರ್ಡರನ್ನು ಗ್ರಾಹಕರದೇ ಹೆಸರು, ವಿಳಾಸ ಹಾಕಿ ಕಂಪನಿಯಿಂದ ನೇರ ಕಳಿಸಿದರೆ ತೊಡಕಿಲ್ಲ. ಬೇರೆ ರಾಜ್ಯದ ಕಂಪನಿಯಿಂದ ಕಮಿಷನ್ ಪಡೆಯುವುದಕ್ಕೆ ಮಾತ್ರ ಈ ನಿರ್ಬಂಧವಿಲ್ಲ, ಅಲ್ಲಿ 20 ಲಕ್ಷದ ಮಿತಿ ನಡೆಯುತ್ತದೆ. ಆದರೆ ಅದೇ ಕಮಿಷನ್, ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಗೆ ಅಡ್ಡ ಬರುತ್ತದೆ, ಏಕೆಂದರೆ ಅಂತರರಾಜ್ಯ ಪೂರೈಕೆ ಮಾಡುವವರಿಗೆ ಆ ಯೋಜನೆ ಇಲ್ಲ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂದು ಬರೆದು ತೆರಿಗೆ ವಸೂಲು ಮಾಡುವುದು ಅಪರಾಧ. ಎಂಆರ್‌ಪಿ ಎಂದರೆ ತೆರಿಗೆ ಸೇರಿದ ಬೆಲೆ.

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಆಧಾರದಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ಓದುಗರಿಗೆ ನೆನಪಿರಬಹುದು. ಅದರ ಪಾಠ ಬೇಕರಿ, ತರಕಾರಿ ಅಂಗಡಿಗಳವರಿಗಿಂತ ಹೆಚ್ಚಾಗಿ ನೇರ ಮಾರಾಟದ ‘ಲೀಡರ್’ಗಳಿಗೆ ತಾಗಬೇಕು. ತಿಂಗಳ ಕೊನೆಯಲ್ಲಿ ಕಮಿಷನ್ನಿಗೆ ಬೇಕಾದ ಪಾಯಿಂಟು ಮುಟ್ಟಿಸಲು, ತಮ್ಮ ಕೆಳಗೆ ಸೇರಿದ ಡೌನ್‌ಲೈನಿನ 30–40 ಜನರ ಆರ್ಡರ್ ಹಣವನ್ನು ತಮ್ಮ ಫೋನ್‌ಪೇಗೆ ಹಾಕಿಸಿಕೊಂಡು, ಒಟ್ಟಿಗೆ ಕಂಪನಿಗೆ ಕಟ್ಟುವುದು ಇಲ್ಲಿನ ರೂಢಿ. ಹಣ ಬಂದು ಹೋಗಿದ್ದಷ್ಟೇ, ಲಾಭ ಸೊನ್ನೆ. ಆದರೆ ಬ್ಯಾಂಕಿನ ದಾಖಲೆಯಲ್ಲಿ ಅದು ಜಮೆ. ವಹಿವಾಟಲ್ಲ ಎಂದು ತೋರಿಸುವ ಹೊಣೆ ಖಾತೆದಾರರದು. ಡೌನ್‌ಲೈನಿನವರು ತಮ್ಮ ಐಡಿಯಿಂದ ಕಂಪನಿಗೇ ಕಟ್ಟಲಿ. ಆಗದಿದ್ದರೆ ಯಾರಿಂದ ಎಷ್ಟು ಬಂತು, ಯಾವ ಆರ್ಡರಿಗೆ ಹೋಯಿತು ಎಂದು ಒಂದೊಂದು ಸಾಲಾದರೂ ಬರೆದಿಡಿ, ಅದೂ ಮನೆ ಖರ್ಚಿನದಲ್ಲದ ಬೇರೆ ಖಾತೆಯಲ್ಲಿ.

ಆದಾಯ ತೆರಿಗೆಯದು ಇಷ್ಟು ಜಟಿಲವಲ್ಲ, ಆದರೂ ಮೂರು ಕಡೆ ತಪ್ಪುತ್ತದೆ. ಮೊದಲನೆಯದು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಕಂಪನಿ ಮುರಿದುಕೊಳ್ಳುವ ತೆರಿಗೆ. ಕಮಿಷನ್ ಮೇಲೆ ಅದು 2024ರ ಅಕ್ಟೋಬರ್ 1ರಿಂದ ಶೇ 5ರ ಬದಲು ಶೇ 2. ವರ್ಷಕ್ಕೆ 20 ಸಾವಿರ ದಾಟಿದರೆ ಕಡಿತ. ಪ್ಯಾನ್ ಇಲ್ಲದಿದ್ದರೆ, ಅಥವಾ ಆಧಾರ್ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಶೇ 20. ಕಡಿತವಾದದ್ದು ತಾನಾಗಿ ವಾಪಸ್ ಬರುವುದಿಲ್ಲ, ರಿಟರ್ನ್ ಹಾಕಿದರೆ ಮಾತ್ರ. ಎರಡನೆಯದು ಫಾರಂ. ವಹಿವಾಟಿನ ಇಂತಿಷ್ಟು ಭಾಗ ಲಾಭ ಎಂದು ತೋರಿಸಿ ಲೆಕ್ಕದ ಪುಸ್ತಕ ಬರೆಯುವುದನ್ನು ತಪ್ಪಿಸುವ, ಹಳೆಯ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನ ಸೌಲಭ್ಯ ಕಮಿಷನ್ ಆದಾಯಕ್ಕೆ ಇಲ್ಲ. ಸೈಬರ್ ಸೆಂಟರಿನಲ್ಲಿ ಐಟಿಆರ್–4 ತುಂಬಿಸಿಕೊಂಡು ಬಂದವರು ಇಲ್ಲಿ ಸಿಕ್ಕಿಬೀಳುತ್ತಾರೆ, ಅವರದು ಐಟಿಆರ್–3. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಹಳೆಯ ನಂಬರನ್ನು ಹೊಸ ವರ್ಷಕ್ಕೆ ಹುಡುಕಿ ಗೊಂದಲಪಡಬೇಡಿ. ಖರ್ಚಿನ ಪಟ್ಟಿಗೆ ಪ್ರಯಾಣ, ಫೋನು, ಡೆಮೊ ಸಾಮಾನು ಸೇರಿಸಬಹುದು. ಮನೆಯವರೇ ಬಳಸಿದ ಶಾಂಪೂ, ಪ್ರೋಟೀನ್ ಪುಡಿ ಸೇರುವುದಿಲ್ಲ, ಅದನ್ನು ಪಾಯಿಂಟಿಗಾಗಿಯೇ ಕೊಂಡಿದ್ದರೂ.

ಮೂರನೆಯದು ಬಹುಮಾನ. 2022ರ ಜುಲೈ 1ರಿಂದ ವ್ಯಾಪಾರದ ಕಾರಣಕ್ಕೆ ಕೊಡುವ ಉಡುಗೊರೆ, ಪ್ರವಾಸ ವರ್ಷಕ್ಕೆ 20 ಸಾವಿರ ರೂಪಾಯಿ ದಾಟಿದರೆ ಕೊಡುವವರು ಶೇ 10 ತೆರಿಗೆ ಕಟ್ಟಿಸಿಕೊಂಡೇ ಕೊಡಬೇಕು. 60 ಸಾವಿರದ ‘ಉಚಿತ’ ಥಾಯ್ಲೆಂಡ್ ಪ್ರವಾಸಕ್ಕೆ ಮುಂಚೆ 6 ಸಾವಿರ ಕೇಳಿದರೆ ಅದು ಮೋಸವಲ್ಲ. ಆ 60 ಸಾವಿರವನ್ನು ಆದಾಯದಲ್ಲಿ ತೋರಿಸದೆ ಬಿಟ್ಟರೆ ಆದಾಯ ತೆರಿಗೆ ಇಲಾಖೆ ಇಡುವ ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿಯೇ ಅದನ್ನು ಹೇಳುತ್ತದೆ.

ಆಹಾರ ಪೂರಕಗಳನ್ನು ಮಾರುವವರಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು, ಬಿಲ್ಲಿನ ಮೇಲೆ ಅದರ ಸಂಖ್ಯೆ ಇರಬೇಕು. ಕಂಪನಿಯ ಪರವಾನಗಿ ನಿಮ್ಮದಾಗುವುದಿಲ್ಲ. ದೊಡ್ಡ ಡಬ್ಬಿ ಒಡೆದು ಜಿಪ್ ಕವರಿಗೆ 50 ಗ್ರಾಂ ತುಂಬಿ ಮಾರುವವರು ಕಾನೂನಿನ ಪ್ರಕಾರ ಪ್ಯಾಕ್ ಮಾಡುವವರಾಗುತ್ತಾರೆ: ತೂಕ, ಬೆಲೆ, ತಯಾರಿಕೆಯ ವಿವರ ಎಲ್ಲ ಅಚ್ಚಾಗಬೇಕು. ಹಾಗೆ ಮಾಡಲೇಬೇಡಿ. ಅದಕ್ಕಿಂತ ಅಪಾಯದ್ದು ವಾಟ್ಸ್‌ಆ್ಯಪ್ ಸ್ಟೇಟಸ್. ‘ಶುಗರ್ ಬುಡಸಮೇತ ಹೋಗುತ್ತದೆ’ ಎಂಬ ಒಂದು ಸಾಲು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಜಾಹೀರಾತು ಕಾಯ್ದೆಗೆ ಸಾಕು. ಮಧುಮೇಹ, ಕ್ಯಾನ್ಸರ್, ಬೊಜ್ಜು, ಹೃದ್ರೋಗ, ಪಾರ್ಶ್ವವಾಯು ಅದರ ಪಟ್ಟಿಯಲ್ಲಿವೆ. ಬಾಯಿಮಾತಿನ ಘೋಷಣೆಯೂ ಅಲ್ಲಿ ಜಾಹೀರಾತೇ. ಮೊದಲ ಸಲ ಸಾಬೀತಾದರೆ 6 ತಿಂಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಅಪ್‌ಲೈನ್ (ತನ್ನನ್ನು ಸೇರಿಸಿದ ಮೇಲಿನವರು) ಕಳಿಸಿದ್ದನ್ನು ಫಾರ್ವರ್ಡ್ ಮಾಡಿದೆ ಎಂಬುದು ಉತ್ತರವಾಗದು. ಕಂಪನಿ ಒಪ್ಪದ ಪ್ರಚಾರ ಸಾಮಗ್ರಿ ಹಂಚುವುದನ್ನು ನೇರ ಮಾರಾಟದ ನಿಯಮವೂ ನಿಷೇಧಿಸಿದೆ.

ಹೊಸಬರು ಕಟ್ಟುವ ಹಣದಿಂದಲೇ ಹಳಬರಿಗೆ ಕೊಡುವ ಪಿರಮಿಡ್ ಯೋಜನೆ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಒಂದು ಅಂಶ ಬಿಟ್ಟು. 1978ರ ಹಣ ಪರಿಚಲನೆ ನಿಷೇಧ ಕಾಯ್ದೆ ಯೋಜನೆ ನಡೆಸಿದವರನ್ನಷ್ಟೇ ಹಿಡಿಯುವುದಿಲ್ಲ. ಸದಸ್ಯರಾಗಿ ಸೇರುವುದು, ಅದಕ್ಕೆಂದು ಹಣ ಪಡೆಯುವುದು, ಕಳಿಸುವುದು ಕೂಡ ಅಪರಾಧ. ಶಿಕ್ಷೆ 3 ವರ್ಷದವರೆಗೆ. ಒಬ್ಬೊಬ್ಬರು 6 ಜನರನ್ನು ಸೇರಿಸುತ್ತ ಹೋದರೆ ಹತ್ತನೇ ಮೆಟ್ಟಿಲಿಗೆ ಒಟ್ಟು 7.26 ಕೋಟಿ ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಇದ್ದದ್ದೇ 6.11 ಕೋಟಿ. ಹೊಸಬರು ಕಟ್ಟುವ ಹಣದಿಂದಲ್ಲದೆ, ಸದಸ್ಯರಲ್ಲದವರು ಕೊಂಡ ಸಾಮಾನಿನಿಂದ ಕಮಿಷನ್ ಬರುತ್ತಿದೆಯೇ ಎಂದು ಪ್ಲಾನಿನಲ್ಲಿ ಹುಡುಕಿ. ಬರುತ್ತಿಲ್ಲವಾದರೆ ಗೆಜೆಟ್ ಪ್ರತಿ ತೋರಿಸಿದರೂ ಸೇರಬೇಡಿ.

ಇಷ್ಟೆಲ್ಲ ಹೊಣೆ ಹೊತ್ತ ಮಾರಾಟಗಾರರಿಗೆ ಅನ್ಯಾಯವಾದರೆ? ಗ್ರಾಹಕರ ದೂರನ್ನು ಕಂಪನಿ 48 ಕೆಲಸದ ಗಂಟೆಗಳಲ್ಲಿ ಸ್ವೀಕರಿಸಿದ್ದಾಗಿ ತಿಳಿಸಬೇಕು, ತಿಂಗಳೊಳಗೆ ಬಗೆಹರಿಸಬೇಕು. ತನ್ನ ಮಾರಾಟಗಾರರು ಮಾರಿದ್ದರಿಂದ ಹುಟ್ಟಿದ ದೂರಿಗೂ ಕಂಪನಿಯೇ ಹೊಣೆ. ಒಳ್ಳೆಯದು. ಆದರೆ ಕಮಿಷನ್ ತಡೆಹಿಡಿದರೆ, ಐಡಿ ಬ್ಲಾಕ್ ಮಾಡಿದರೆ, ಉಳಿದ ಮಾಲು ವಾಪಸ್ ತೆಗೆದುಕೊಳ್ಳದಿದ್ದರೆ ಮಾರಾಟಗಾರರು ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವುದು ಕಷ್ಟ. ಮರುಮಾರಾಟಕ್ಕೆ ಕೊಂಡವರು ಕಾಯ್ದೆಯ ಅರ್ಥದಲ್ಲಿ ಗ್ರಾಹಕರೇ ಅಲ್ಲ. ಉಳಿಯುವುದು ಸಿವಿಲ್ ಕೋರ್ಟು, ಅಥವಾ ಕರಾರಿನಲ್ಲಿ ಬರೆದ ಮಧ್ಯಸ್ಥಿಕೆ. ಅದು ಎಷ್ಟೋ ಸಲ ಕಂಪನಿಯ ಕೇಂದ್ರ ಕಚೇರಿ ಇರುವ ದೂರದ ನಗರದಲ್ಲಿ. 12 ಸಾವಿರ ರೂಪಾಯಿಯ ಮಾಲಿಗಾಗಿ ಅಲ್ಲಿಗೆ ಯಾರು ಹೋಗುತ್ತಾರೆ? ಕಂಪನಿ ಕೈಬಿಟ್ಟವರ ಪಟ್ಟಿ ಅದರ ಜಾಲತಾಣದಲ್ಲಿ ಬಹಿರಂಗವಾಗಿ ಇರಬೇಕು ಎಂದು ನಿಯಮವೇ ಹೇಳುವುದರಿಂದ, ತಪ್ಪಾಗಿ ಹೆಸರು ಹೊಡೆದುಹಾಕಿದರೆ ಊರಲ್ಲಿ ಮಾನವೂ ಹೋಗುತ್ತದೆ.

ಆದ್ದರಿಂದ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಎರಡು ತಿದ್ದುಪಡಿ ತರಲಿ. ಜಿಎಸ್‌ಟಿ ಸಾಲಿಗೆ ‘ಜಿಎಸ್‌ಟಿ ಕಾಯ್ದೆಯ ಪ್ರಕಾರ ಅಗತ್ಯವಿದ್ದಲ್ಲಿ’ ಎಂಬ ಮಾತು ಸೇರಲಿ. ಗ್ರಾಹಕರಿಗೆ ಕೊಟ್ಟ ದೂರಿನ ಕಾಲಮಿತಿಯನ್ನೇ ಮಾರಾಟಗಾರರ ದೂರಿಗೂ ಕೊಟ್ಟು, ಹೆಸರು ತೆಗೆಯುವ ಮುಂಚೆ ಲಿಖಿತ ನೋಟಿಸ್ ಕಡ್ಡಾಯ ಮಾಡಲಿ. ನೇರ ಮಾರಾಟದ ಮೇಲೆ ನಿಗಾ ಇಡುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರಗಳು ಮಾಡಬೇಕು ಎಂದು ನಿಯಮದಲ್ಲಿದೆ. ಅದಕ್ಕೆ ಯಾವ ಕಚೇರಿ, ಯಾವ ಅಧಿಕಾರಿ, ಯಾವ ಫೋನ್ ಎಂಬುದನ್ನು ನಮ್ಮ ಸರ್ಕಾರ ತಾಲ್ಲೂಕು ಕಚೇರಿಯ ಫಲಕದ ಮೇಲೂ ಕಾಣುವಂತೆ ಬರೆಸಲಿ. ಕರಾರಿನ ಕನ್ನಡ ಪ್ರತಿ ಕೊಡದ ಕಂಪನಿಗೆ ಇಲ್ಲಿ ಹೊಸ ಸದಸ್ಯರನ್ನು ಸೇರಿಸಿಕೊಳ್ಳಲು ಬಿಡದಿರುವುದೂ ಆ ನಿಗಾದ ಭಾಗವಾಗಬಹುದು. ಈಗ ಸಹಿ ಎಂದರೆ ಇಂಗ್ಲಿಷಿನ ಉದ್ದನೆಯ ಪಠ್ಯದ ಕೆಳಗೆ ಒಂದು ಟಿಕ್, ಒಂದು ಒಟಿಪಿ.

ಆ ಒಟಿಪಿ ಒತ್ತುವ ಮುಂಚೆ ಹೊಸಬರು ಕರಾರಿನಲ್ಲಿ ಐದು ಸಂಗತಿ ಹುಡುಕಲಿ: ದಂಡವಿಲ್ಲದೆ ಹಿಂದೆ ಸರಿಯಲು ಎಷ್ಟು ದಿನ, ಉಳಿದ ಮಾಲನ್ನು ಎಷ್ಟು ದಿನದೊಳಗೆ ಮರಳಿಸಬೇಕು, ಮರಳಿಸುವಾಗ ಎಷ್ಟು ಮುರಿದುಕೊಳ್ಳುತ್ತಾರೆ, ಸಾಗಾಟದ ಖರ್ಚು ಯಾರದು, ವ್ಯಾಜ್ಯ ಯಾವ ಊರಿನಲ್ಲಿ. ಸಿಗದಿದ್ದರೆ ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಹಾಕಿ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಲಿ. ಅಪ್‌ಲೈನ್ ಬಾಯಲ್ಲಿ ಹೇಳಿದ್ದು ಕರಾರಾಗುವುದಿಲ್ಲ.

– ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡುವವರೊಬ್ಬರು